ಡೇರೆ ಎಂಬ ಹೂವು

ಡೇರೆ ಅಂದರೆ ಬಯಲುಸೀಮೆಯವರಿಗೆ ಸರ್ಕಸ್ಸು, ಜಾತ್ರೆಗೆ ಬಂದ ನಾಟಕ ಕಂಪನಿ. ಕರಾವಳಿಯವರಿಗೆ ಟಿಕೆಟ್ ಇಟ್ಟು ಆಟ ಆಡುವ ಯಕ್ಷಗಾನದ ಡೇರೆ ಮೇಳ. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹೆಂಗಸರಿಗೆ ಮಾತ್ರ, ಅದರಲ್ಲೂ ಮಳೆಗಾಲದಲ್ಲಿ, ಡೇರೆ ಅಂದರೆ ಹೂವು. ಪಟ್ಟಣದ ನರ್ಸರಿಯವರು ಡೇಲಿಯಾ ಎನ್ನುತ್ತಾರಲ್ಲ, ಅದು.

ಒಂದೇ ಉಚ್ಚಾರದ ಎರಡು ಶಬ್ದಗಳು ಒಂದೇ ಸೀಮೆಯಲ್ಲಿ ಗೊಂದಲವಿಲ್ಲದೆ ಬಾಳಿಕೊಂಡು ಬಂದಿವೆ. ಅದಕ್ಕೆ ಮಳೆಯೇ ಕಾರಣ ಅನಿಸುತ್ತದೆ ನನಗೆ. ಮೇಳಗಳು ತಿರುಗಾಟ ಮುಗಿಸಿ ಡೇರೆ ಮಡಚುವುದು ಮೇ ತಿಂಗಳ ಕೊನೆಗೆ. ಹೂವಿನ ಡೇರೆಯ ಗೆಡ್ಡೆ ಮಣ್ಣಿಗಿಳಿಯುವುದೂ ಹೆಚ್ಚುಕಡಿಮೆ ಆಗಲೇ. ದೀಪಾವಳಿ ಕಳೆದು ಗಿಡ ಸೊರಗುವಷ್ಟರಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ಹೊಸ ತಿರುಗಾಟಕ್ಕೆ ಸಜ್ಜಾಗುತ್ತವೆ. ಅರ್ಧ ವರ್ಷ ಅದು, ಅರ್ಧ ವರ್ಷ ಇದು.

ಈ ಸಲ ಚೌತಿ ಹತ್ತಿರ ಬಂದಾಗ ನಾವು ಗೆಳತಿಯರು ಒಂದು ಕಾರು ಮಾಡಿಕೊಂಡು, ತಾಳಗುಪ್ಪ ದಾಟಿ ಸಿದ್ದಾಪುರದ ಕಡೆಯ ಹಳ್ಳಿಗಳ ಅಂಗಳ ನೋಡಲು ಹೋದೆವು. ಆ ಕಡೆ ಇದಕ್ಕೆ 'ಹೂವಿನ ಗಿಡ ನೋಡಕ್ಕೆ ಹೋಗದು' ಅಂತಲೇ ಹೆಸರು. ಕರೆಯದೆಯೂ ಒಬ್ಬರ ಮನೆಗೆ ಹೋಗಬಹುದಾದ ಕೆಲವೇ ಕಾರಣಗಳಲ್ಲಿ ಇದೊಂದು. ಹೋದಲ್ಲೆಲ್ಲ 'ಆಸ್ರಿಗೆ ಎಂತ ಮಾಡ್ಲಿ?' ಎಂಬ ಪ್ರಶ್ನೆ, ಕಷಾಯ. ಒಂದು ಮನೆಯಲ್ಲಂತೂ ಬಿಸಿ ಪತ್ರೊಡೆ.

ಆ ಪತ್ರೊಡೆಯ ಮನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಣಪೆ ದಾಟಿದರೆ ಅಂಗಳದ ಎರಡೂ ಬದಿಗೆ ಡೇರೆಯ ಸಾಲು. ಎಣ್ಣೆ ಡಬ್ಬಿ, ಒಡೆದ ಕೊಡಪಾನ, ಪ್ಲಾಸ್ಟಿಕ್ ಕೊಟ್ಟೆ, ಮಣ್ಣು ಹಿಡಿಯುವ ಯಾವುದನ್ನೂ ಬಿಟ್ಟಿಲ್ಲ. ಡೇರೆಯ ಕಾಂಡ ಟೊಳ್ಳು, ಹೂವು ಭಾರ. ನೀರು ಕುಡಿದ ಹೂವು ತಲೆ ಜಗ್ಗಿದರೆ ಗಿಡ ಪಕ್ಕನೆ ಮುರಿಯುತ್ತದೆ. ಅದಕ್ಕಾಗಿ ಪ್ರತಿ ಗಿಡಕ್ಕೂ ಅಡಿಕೆ ದಬ್ಬೆಯ ಊರುಗೋಲು, ಬಾಳೆನಾರಿನ ಕಟ್ಟು. ಮನೆಯ ಅಕ್ಕ ಎಲೆಯಡಿಯ ಬಸವನಹುಳುಗಳನ್ನು ಹೆಕ್ಕಿ ಉಪ್ಪಿನ ಡಬ್ಬಿಗೆ ಹಾಕುತ್ತಲೇ ಒಂದೊಂದರ ಪರಿಚಯ ಮಾಡಿಕೊಟ್ಟರು. ಕಡುಗೆಂಪು ದಳದ ತುದಿಗೆ ಮಾತ್ರ ಸುಣ್ಣದ ಕಡ್ಡಿ ತಾಗಿಸಿದಂತೆ ಬಿಳಿ ಇರುವುದು ದೊಡ್ಡತ್ತಿಗೆ ಡೇರೆ. ಬಾಣಂತನ ಮುಗಿಸಿ ಬರುವಾಗ ತಂದದ್ದು ತವರುಮನೆ ಡೇರೆ. ಆಚೆಯ ಹಳದಿ, ಬಸ್ಸಿನ ಡೇರೆ. ಸಿದ್ದಾಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲಿನ ಕೊಟ್ಟೆಯಿಂದ ಒಂದು ಹಿಳ್ಳು ತೆಗೆದುಕೊಟ್ಟರಂತೆ. ಅವರು ಯಾರ ಮನೆಯವರೋ, ಕೇಳುವುದರೊಳಗೆ ಇಳಿದು ಹೋಗಿದ್ದರು.

ಬಣ್ಣದ ಹೆಸರಿಗಿಂತ ಕೊಟ್ಟವರ ಹೆಸರು ಹೀಗೆ ನಿಲ್ಲುವುದಕ್ಕೆ ಗಿಡದ ಸ್ವಭಾವದಲ್ಲೇ ಕಾರಣವಿದೆ. ಡೇರೆಯ ಬೀಜ ಹಾಕಿದರೆ ತಾಯಿಗಿಡದಂಥ ಹೂವೇ ಬರುತ್ತದೆಂಬ ಭರವಸೆ ಇಲ್ಲ. ಹೆಚ್ಚಿನ ಜೀವಿಗಳಲ್ಲಿ ವರ್ಣತಂತುಗಳ ಎರಡು ಸೆಟ್ ಇದ್ದರೆ ತೋಟದ ಡೇಲಿಯಾದಲ್ಲಿ 8. ಆದ್ದರಿಂದಲೇ ಇಷ್ಟೊಂದು ಆಕಾರ, ಇಷ್ಟೊಂದು ಬಣ್ಣ. ಆದ್ದರಿಂದಲೇ, ಇದ್ದದ್ದನ್ನು ಇದ್ದಹಾಗೇ ಉಳಿಸಿಕೊಳ್ಳಬೇಕೆಂದರೆ ಗೆಡ್ಡೆಯೋ ಹಿಳ್ಳೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲೇಬೇಕು. ಗೆಡ್ಡೆ ಎಷ್ಟೇ ದಪ್ಪವಿದ್ದರೂ ಬುಡದ ಹತ್ತಿರ ಕಣ್ಣಿಲ್ಲದಿದ್ದರೆ ಚಿಗುರದು. ಅದನ್ನು ನೋಡಿ ಕೊಡುವವರನ್ನು 'ಕೈಗುಣ ಒಳ್ಳೇದು' ಅನ್ನುತ್ತಾರೆ. ನಿಜವಾಗಿ ಒಳ್ಳೆಯದು ಅವರ ಮನಸ್ಸು.

ಪುಸ್ತಕದ ಹೆಸರಿನ ದಾರಿ ಬೇರೆ. ಮೂಲತಃ ಇದು ಮೆಕ್ಸಿಕೊದ ಗಿಡ. 1963ರಿಂದ ಆ ದೇಶದ ರಾಷ್ಟ್ರೀಯ ಹೂವು. ಗೆಡ್ಡೆಗಳು ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬಂದವು. ಅಲ್ಲಿಯ ಸಸ್ಯವಿಜ್ಞಾನಿ ಕವನಿಲ್ಲೆಸ್ 1791ರಲ್ಲಿ ಅದಕ್ಕೆ ಡೇಲಿಯಾ ಎಂದು ಹೆಸರಿಟ್ಟ. ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಆಂಡರ್ಸ್ ಡಾಲ್‌ನ ನೆನಪಿಗಾಗಿ. ಡಾಲ್ 1789ರಲ್ಲೇ ತೀರಿಕೊಂಡಿದ್ದ. ರಷ್ಯದ ಕಡೆ ಇದೇ ಹೂವಿಗೆ ಗಿಯೋರ್ಗಿ ಎಂಬ ಇನ್ನೊಬ್ಬ ವಿಜ್ಞಾನಿಯ ಹೆಸರು. ಆ ಗೌರವ ನನಗೆ ಸಣ್ಣದಾಗಿ ಕಾಣುವುದಿಲ್ಲ. ಆದರೆ ಬಸ್ಸಿನಲ್ಲಿ ಹಿಳ್ಳು ಕೊಟ್ಟು ಇಳಿದುಹೋದವರನ್ನು ನೆನೆಯುವ ಹೆಸರಿಗೂ ಅಷ್ಟೇ ಗೌರವ ಸಲ್ಲಬೇಕು.

ಡೇಲಿಯಾ ಡೇರೆಯಾದದ್ದು ಅಪಭ್ರಂಶ ಎನ್ನುವವರನ್ನು ಕಂಡಿದ್ದೇನೆ. ನಾನು ಒಪ್ಪುವುದಿಲ್ಲ. ಆಕಾರದಲ್ಲಿ ಮುಗಿಯುವ ಶಬ್ದ ಹೊರಗಿನಿಂದ ಬಂದರೆ ಕನ್ನಡ ಅದನ್ನು ಎಕಾರಕ್ಕೆ ತಿರುಗಿಸಿಕೊಳ್ಳುವುದು ಹಳೆಯ ರೂಢಿ. ಗಂಗಾ ಗಂಗೆ, ಶಾಲಾ ಶಾಲೆ, ಪೋರ್ಚುಗೀಸರ ಬಟಾಟ ಬಟಾಟೆ. ಗುಡಾರದ ಅರ್ಥದ ಡೇರಾ ಡೇರೆಯಾದದ್ದೂ ಹೀಗೇ. ಆ ಲೆಕ್ಕದಲ್ಲಿ ಡೇಲಿಯಾ ಡೇಲೆಯಾಗಿ ನಿಲ್ಲಬೇಕಿತ್ತು. ನಾಲಗೆಗೆ ಮೊದಲೇ ಪಳಗಿದ್ದ ಡೇರೆ ಅದನ್ನು ತನ್ನ ಕಡೆಗೆ ಎಳೆದುಕೊಂಡಿರಬೇಕು ಅನ್ನುವುದು ನನ್ನ ಊಹೆ. ಯಾವ ಪಂಡಿತರೂ ಕೂತು ಮಾಡಿದ ಕೆಲಸವಲ್ಲ ಇದು. ಜಡೆಗೆ ಒಂದೇ ಡೇರೆ ಸಿಕ್ಕಿಸಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿಯರೂ, ಹಿಳ್ಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತವರಿನಿಂದ ಬರುತ್ತಿದ್ದ ಹೆಂಗಸರೂ ಗಿಡದ ಜೊತೆಗೇ ಶಬ್ದವನ್ನೂ ಮನೆಮನೆಗೆ ದಾಟಿಸಿದರು.

ಈಗ ಗೆಡ್ಡೆ ಕೊರಿಯರಿನಲ್ಲೂ ಬರುತ್ತದೆ, ತನ್ನದೇ ಹೆಸರು ಹೊತ್ತು. ಒಂದು ಮನೆಯ ಸೊಸೆ 'ಕೆಫೆ ಓ ಲೇ' ತರಿಸಿದ್ದಳು. ಹಾಲು ಹೆಚ್ಚಾದ ಕಾಫಿಯ ಬಣ್ಣ, ಊಟದ ತಟ್ಟೆಯಷ್ಟು ಅಗಲದ ಹೂವು. ಅವಳ ಅತ್ತೆ ಅದನ್ನು ಕೊರಿಯರ್ ಡೇರೆ ಎನ್ನುತ್ತಾರೆ. ನೆರೆಮನೆಯವರು ಆಗಲೇ ಒಂದು ಹಿಳ್ಳು ಕೇಳಿದ್ದಾರೆ. ಅವರ ಅಂಗಳದಲ್ಲಿ ಅದು ಈ ಸೊಸೆಯ ಹೆಸರಿನ ಡೇರೆಯಾಗುವುದು ಖಂಡಿತ.

ಫಲಪುಷ್ಪ ಪ್ರದರ್ಶನಕ್ಕೆ ಫಲಕ ಬರೆಸುವವರಲ್ಲಿ, ಹೂದೋಟದ ಪುಸ್ತಕ ಬರೆಯುವವರಲ್ಲಿ ನನ್ನದೊಂದು ಕೇಳಿಕೆ. ಡೇಲಿಯಾ ಎಂದು ಬರೆಯಿರಿ, ತಪ್ಪಿಲ್ಲ. ಪಕ್ಕದಲ್ಲಿ ಡೇರೆ ಅಂತಲೂ ಬರೆಯಿರಿ, ಅಷ್ಟೇ ದೊಡ್ಡ ಅಕ್ಷರದಲ್ಲಿ.