ಕತ್ತಿನ ರಕ್ತನಾಳ ಕಿರಿದಾದಾಗ: ಸ್ಟೆಂಟೋ, ಶಸ್ತ್ರಚಿಕಿತ್ಸೆಯೋ?

ಬಲಗೈ ಇದ್ದಕ್ಕಿದ್ದಂತೆ ಸೋತು ಹಿಡಿದ ಲೋಟ ಜಾರುತ್ತದೆ. ಮಾತು ತೊದಲುತ್ತದೆ. ಹತ್ತು ನಿಮಿಷದೊಳಗೆ ಎಲ್ಲವೂ ಮೊದಲಿನಂತಾಗುತ್ತದೆ. ನಿದ್ದೆಗೆಟ್ಟದ್ದರ ಫಲವೋ, ಪಿತ್ತದ ಬಾಧೆಯೋ ಇರಬೇಕೆಂದು ಮನೆಮಂದಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಇದು ಮುಂಬರುವ ಪಾರ್ಶ್ವವಾಯುವಿನ ಸ್ಪಷ್ಟ ಮುನ್ಸೂಚನೆ. ಇಂತಹ ಪ್ರಸಂಗಗಳಲ್ಲಿ ಕೆಲವಕ್ಕೆ ಮೂಲ ಕಾರಣ ಮಿದುಳಿನಲ್ಲಲ್ಲ, ಕತ್ತಿನಲ್ಲಿರುತ್ತದೆ. ಕಿರಿದಾದ ಕ್ಯಾರೋಟಿಡ್ ಅಪಧಮನಿಯನ್ನು ಸಕಾಲದಲ್ಲಿ ಸರಿಪಡಿಸಿದರೆ ಪಾರ್ಶ್ವವಾಯುವನ್ನು ತಪ್ಪಿಸಲು ಸಾಧ್ಯವಿದೆ. ಯಾರಿಗೆ, ಯಾವಾಗ, ಯಾವ ಚಿಕಿತ್ಸೆ ಎಂಬುದರ ವಿವರ ಇಲ್ಲಿದೆ.

ಕತ್ತಿನಲ್ಲಿ ಕವಲೊಡೆಯುವ ನಾಳ

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2 ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಸುಮಾರು ಶೇ 20. ಈ ಪೂರೈಕೆಯ ಬಹುಭಾಗ ಕತ್ತಿನ ಎಡಬಲಗಳಲ್ಲಿ ಸಾಗುವ ಎರಡು ಕ್ಯಾರೋಟಿಡ್ ಅಪಧಮನಿಗಳ ಮೂಲಕ ನಡೆಯುತ್ತದೆ. ಗಂಟಲ ಗಂಟಿನ ಪಕ್ಕದಲ್ಲಿ ಬೆರಳಿಟ್ಟರೆ ಸಿಗುವ ನಾಡಿಮಿಡಿತ ಇದರದೇ. ಅಲ್ಲಿಂದ ತುಸು ಮೇಲೆ ಈ ನಾಳ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖದ ಕಡೆಗೆ, ಇನ್ನೊಂದು ಮಿದುಳಿಗೆ ಹೋಗುತ್ತದೆ.

ರಕ್ತದ ಹರಿವು ಸುಳಿಯಂತಾಗುವ ಈ ಕವಲಿನಲ್ಲಿಯೇ ಕೊಬ್ಬು ಮತ್ತು ಸುಣ್ಣದ ಅಂಶಗಳು ಪದರವಾಗಿ ಕೂರುತ್ತವೆ. ಅಧಿಕ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್ ಹಾಗೂ ಧೂಮಪಾನ ಇದಕ್ಕೆ ಮುಖ್ಯ ಕಾರಣಗಳು. ನಾಳ ಕಿರಿದಾಗಿ ರಕ್ತ ಸಾಲದೆ ಬರುವ ಪಾರ್ಶ್ವವಾಯುವಿಗಿಂತ, ಪದರ ಬಿರಿದು ಅದರ ಚೂರು ಅಥವಾ ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ಮಿದುಳಿನ ಸಣ್ಣ ನಾಳವನ್ನು ಮುಚ್ಚುವುದರಿಂದ ಬರುವ ಪಾರ್ಶ್ವವಾಯುವೇ ಹೆಚ್ಚು. ಭಾರತವೂ ಸೇರಿದಂತೆ ಏಷ್ಯಾದ ಜನರಲ್ಲಿ ತಲೆಬುರುಡೆಯ ಒಳಗಿನ ನಾಳಗಳು ಕಿರಿದಾಗುವುದು ಪಾಶ್ಚಾತ್ಯರಿಗಿಂತ ಹೆಚ್ಚು. ಆದಕಾರಣ ಕತ್ತಿನ ಜೊತೆಗೆ ತಲೆಯ ನಾಳಗಳನ್ನೂ ಪರೀಕ್ಷಿಸುವುದು ಇಲ್ಲಿ ಅಗತ್ಯ.

ಮುನ್ಸೂಚನೆಯ ಕೆಲವು ನಿಮಿಷಗಳು

ಮುಖ, ಕೈ ಅಥವಾ ಕಾಲಿನ ಒಂದು ಪಾರ್ಶ್ವದ ಬಲ ಕುಂದುವುದು, ಮರಗಟ್ಟುವುದು, ಮಾತು ತಡವರಿಸುವುದು, ಒಂದೇ ಕಣ್ಣಿಗೆ ಪರದೆ ಇಳಿಬಿಟ್ಟಂತೆ ಕತ್ತಲಾಗಿ ಮತ್ತೆ ತಿಳಿಯಾಗುವುದು ಇದರ ಪ್ರಮುಖ ಲಕ್ಷಣಗಳು. ಎಡ ಕ್ಯಾರೋಟಿಡ್‌ನಲ್ಲಿ ತೊಂದರೆಯಿದ್ದರೆ ದೇಹದ ಬಲಭಾಗ ಮತ್ತು ಮಾತು ಬಾಧೆಗೊಳಗಾಗುತ್ತವೆ. ಕಣ್ಣಿನ ಲಕ್ಷಣ ಮಾತ್ರ ತೊಂದರೆಯಿರುವ ಪಕ್ಕದಲ್ಲೇ ಕಾಣಿಸಿಕೊಳ್ಳುತ್ತದೆ. ಕೆಲವು ನಿಮಿಷಗಳಲ್ಲಿ ಮಾಯವಾಗುವ ಇಂತಹ ಆಘಾತವನ್ನು ವೈದ್ಯರು ಟಿಐಎ, ಅಂದರೆ ತಾತ್ಕಾಲಿಕ ಪಾರ್ಶ್ವವಾಯು ಎನ್ನುತ್ತಾರೆ.

ಲಕ್ಷಣ ಮಾಯವಾಯಿತೆಂದರೆ ಅಪಾಯ ತಪ್ಪಿತೆಂದಲ್ಲ. ನಿಜವಾದ ಪಾರ್ಶ್ವವಾಯು ಎರಗುವ ಸಂಭವ ಮೊದಲ ಕೆಲವು ದಿನಗಳಲ್ಲಿಯೇ ಅತ್ಯಧಿಕ. ಹೀಗಾಗಿ ಅಂದೇ ಆಸ್ಪತ್ರೆಗೆ ಧಾವಿಸಬೇಕು.

ಪತ್ತೆ ಹೇಗೆ?

ಮೊದಲ ಪರೀಕ್ಷೆ ಕತ್ತಿನ ಡಾಪ್ಲರ್ ಸ್ಕ್ಯಾನ್. ಶಬ್ದತರಂಗಗಳಿಂದ ನಾಳದ ಚಿತ್ರವನ್ನೂ ರಕ್ತದ ವೇಗವನ್ನೂ ಅಳೆಯುವ ಈ ಪರೀಕ್ಷೆಯಲ್ಲಿ ನೋವಾಗಲೀ ವಿಕಿರಣವಾಗಲೀ ಇಲ್ಲ. ಚಿಕಿತ್ಸೆ ನಿರ್ಧರಿಸುವ ಮುನ್ನ ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಂ ಮೂಲಕ ಅದನ್ನು ದೃಢಪಡಿಸಿಕೊಳ್ಳಲಾಗುತ್ತದೆ. ವರದಿಯಲ್ಲಿ ಕಾಣುವ ಶೇಕಡಾವಾರು ಸಂಖ್ಯೆ ನಾಳ ಎಷ್ಟು ಕಿರಿದಾಗಿದೆ ಎಂಬುದರ ಅಳತೆ. ಅದನ್ನು ಅಳೆಯುವ ವಿಧಾನ ಒಂದಕ್ಕಿಂತ ಹೆಚ್ಚಿರುವುದರಿಂದ ಒಂದೇ ನಾಳಕ್ಕೆ ಎರಡು ವರದಿಗಳಲ್ಲಿ ಬೇರೆ ಬೇರೆ ಸಂಖ್ಯೆ ಬರಬಹುದು.

ಎಪ್ಪತ್ತು ವರ್ಷಗಳ ಶಸ್ತ್ರಚಿಕಿತ್ಸೆ

ಕತ್ತಿನ ನಾಳಕ್ಕೂ ಪಾರ್ಶ್ವವಾಯುವಿಗೂ ಇರುವ ನಂಟನ್ನು 1951ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಕೆನಡಾದ ನರತಜ್ಞ ಮಿಲ್ಲರ್ ಫಿಷರ್. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೈಕೆಲ್ ಡಿಬೇಕಿ 1953ರಲ್ಲಿ ನಾಳದೊಳಗಿನ ಪದರವನ್ನು ಯಶಸ್ವಿಯಾಗಿ ತೆಗೆದರಾದರೂ ಅದನ್ನು ಪ್ರಕಟಿಸಿದ್ದು 1975ರಲ್ಲಿ. ಅಷ್ಟರಲ್ಲಿ ಲಂಡನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯ ಈಸ್ಟ್‌ಕಾಟ್, ಪಿಕರಿಂಗ್ ಮತ್ತು ರಾಬ್ ಅವರು 1954ರಲ್ಲಿ ಪದೇ ಪದೇ ಟಿಐಎಗೆ ತುತ್ತಾಗುತ್ತಿದ್ದ ಮಹಿಳೆಯೊಬ್ಬರ ಕ್ಯಾರೋಟಿಡ್‌ನ ಕಿರಿದಾದ ಭಾಗವನ್ನೇ ಕತ್ತರಿಸಿ ನಾಳವನ್ನು ಮರುಜೋಡಿಸಿದ ಸುದ್ದಿ ಜಗತ್ತಿನ ಗಮನ ಸೆಳೆದಿತ್ತು.

ಎಂಡಾರ್ಟರೆಕ್ಟಮಿ ಎಂಬ ಈ ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನ ಪಕ್ಕದಲ್ಲಿ ಸೀಳಿ, ನಾಳವನ್ನು ಕ್ಲಾಂಪ್‌ಗಳಿಂದ ಬಂಧಿಸಿ ತೆರೆಯಲಾಗುತ್ತದೆ. ಒಳಗಿನ ಪದರವನ್ನು ಬಿಡಿಸಿ ತೆಗೆದು, ಸಾಮಾನ್ಯವಾಗಿ ತೇಪೆಯೊಂದನ್ನು ಹೊಲಿದು ಮುಚ್ಚಲಾಗುತ್ತದೆ.

ಇದರ ಪ್ರಯೋಜನಕ್ಕೆ ಗಟ್ಟಿ ಪುರಾವೆ ದೊರೆತದ್ದು 1991ರಲ್ಲಿ, ಉತ್ತರ ಅಮೆರಿಕದ ನ್ಯಾಸೆಟ್ ಅಧ್ಯಯನದಿಂದ. ಲಕ್ಷಣ ಕಾಣಿಸಿಕೊಂಡಿದ್ದು ನಾಳ ಶೇ 70ರಿಂದ 99ರಷ್ಟು ಕಿರಿದಾಗಿದ್ದವರಲ್ಲಿ, ಔಷಧ ಮಾತ್ರ ಪಡೆದ ಶೇ 26 ಮಂದಿಗೆ ಎರಡು ವರ್ಷಗಳಲ್ಲಿ ಅದೇ ಪಕ್ಕದ ನಾಳದಿಂದ ಪಾರ್ಶ್ವವಾಯು ತಗುಲಿತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 9ಕ್ಕೆ ಇಳಿಯಿತು. ಶೇ 50ರಿಂದ 69ರಷ್ಟು ಕಿರಿದಾಗಿದ್ದವರಿಗೆ ಲಾಭ ಸಾಧಾರಣ. ಶೇ 50ಕ್ಕಿಂತ ಕಡಿಮೆಯಿದ್ದವರಿಗೆ ಲಾಭವಿಲ್ಲ ಎಂಬುದು 1998ರಲ್ಲಿ ತಿಳಿದುಬಂತು. ನಾಳ ಪೂರ್ತಿ ಮುಚ್ಚಿಹೋಗಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೂ ಮಾಡುವುದಿಲ್ಲ, ಸ್ಟೆಂಟನ್ನೂ ಹಾಕುವುದಿಲ್ಲ.

ವಿಳಂಬದ ಬೆಲೆಯೂ ಲೆಕ್ಕಕ್ಕೆ ಸಿಕ್ಕಿದೆ. ಶೇ 50ಕ್ಕಿಂತ ಹೆಚ್ಚು ಕಿರಿದಾಗಿದ್ದ ರೋಗಿಗಳ ಅಂಕಿಅಂಶಗಳನ್ನು 2004ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಲಕ್ಷಣ ಕಂಡ ಎರಡು ವಾರದೊಳಗೆ ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರಲ್ಲಿ 5 ಮಂದಿಗೆ ಚಿಕಿತ್ಸೆ ನೀಡಿದರೆ ಐದು ವರ್ಷಗಳಲ್ಲಿ ಒಂದು ಪಾರ್ಶ್ವವಾಯು ತಪ್ಪುತ್ತಿತ್ತು. ಹನ್ನೆರಡು ವಾರ ಕಳೆದ ಬಳಿಕವಾದರೆ ಒಂದನ್ನು ತಪ್ಪಿಸಲು 125 ಮಂದಿಗೆ ಚಿಕಿತ್ಸೆ ನೀಡಬೇಕಿತ್ತು. ಅದೇ ಕಾಯಿಲೆ, ಅದೇ ಶಸ್ತ್ರಚಿಕಿತ್ಸೆ. ವ್ಯತ್ಯಾಸ ಕಾಲದ್ದು ಮಾತ್ರ.

ಸ್ಟೆಂಟ್ ಬಂದ ಬಗೆ

ಹೃದಯದ ನಾಳಗಳಿಗೆ ಬಳಸುವ ತಂತ್ರವೇ ಕತ್ತಿಗೂ ಬಂತು. ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದ ತೆಳುವಾದ ಕೊಳವೆ ತೂರಿಸಿ, ಕಿರಿದಾದ ಜಾಗದಲ್ಲಿ ಲೋಹದ ಜಾಲರಿಯನ್ನು ಬಿಚ್ಚಿಡಲಾಗುತ್ತದೆ. ಜಾಲರಿ ಬಿಚ್ಚುವಾಗ ಕಳಚಿದ ಚೂರುಗಳು ಮಿದುಳಿಗೆ ಹೋಗದಂತೆ ಮೇಲ್ಭಾಗದಲ್ಲಿ ಕೊಡೆಯಾಕಾರದ ಪುಟ್ಟ ಶೋಧಕವನ್ನು ಇರಿಸುವುದು ರೂಢಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕ್ಯಾರೋಟಿಡ್ ಸ್ಟೆಂಟ್‌ಗೆ ಮೊದಲ ಬಾರಿ ಅನುಮತಿ ನೀಡಿದ್ದು 2004ರಲ್ಲಿ. ಕತ್ತಿನ ಬುಡದಲ್ಲಿ ಸಣ್ಣ ಗಾಯ ಮಾಡಿ, ರಕ್ತದ ಹರಿವನ್ನು ತಾತ್ಕಾಲಿಕವಾಗಿ ಹಿಮ್ಮುಖಗೊಳಿಸಿ ಸ್ಟೆಂಟ್ ಅಳವಡಿಸುವ ಟಿಕಾರ್ ಎಂಬ ಮತ್ತೊಂದು ವಿಧಾನಕ್ಕೆ 2015ರಲ್ಲಿ ಅಲ್ಲಿ ಮನ್ನಣೆ ದೊರೆಯಿತು.

ಯಾವುದು ಮೇಲು?

ಅಮೆರಿಕ ಮತ್ತು ಕೆನಡಾದ 2,502 ರೋಗಿಗಳನ್ನು ಒಳಗೊಂಡ ಕ್ರೆಸ್ಟ್ ಅಧ್ಯಯನದ ಫಲಿತಾಂಶ 2010ರಲ್ಲಿ ಹೊರಬಿತ್ತು. ಪಾರ್ಶ್ವವಾಯು, ಹೃದಯಾಘಾತ ಮತ್ತು ಸಾವನ್ನು ಒಟ್ಟಾಗಿ ಲೆಕ್ಕ ಹಾಕಿದಾಗ ನಾಲ್ಕು ವರ್ಷಗಳಲ್ಲಿ ಸ್ಟೆಂಟ್ ಗುಂಪಿನಲ್ಲಿ ಶೇ 7.2, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 6.8 ಕಂಡುಬಂತು. ಅಂದರೆ ಬಹುತೇಕ ಸಮಬಲ. ಆದರೆ ಒಳಹೊಕ್ಕು ನೋಡಿದರೆ ವ್ಯತ್ಯಾಸವಿದೆ. ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಪಾರ್ಶ್ವವಾಯು ಸ್ಟೆಂಟ್‌ನಲ್ಲಿ ಶೇ 4.1, ಶಸ್ತ್ರಚಿಕಿತ್ಸೆಯಲ್ಲಿ ಶೇ 2.3. ಹೃದಯಾಘಾತ ಇದಕ್ಕೆ ವ್ಯತಿರಿಕ್ತವಾಗಿ ಸ್ಟೆಂಟ್‌ನಲ್ಲಿ ಶೇ 1.1, ಶಸ್ತ್ರಚಿಕಿತ್ಸೆಯಲ್ಲಿ ಶೇ 2.3.

ವಯಸ್ಸು ಇಲ್ಲಿ ನಿರ್ಣಾಯಕ. ಸುಮಾರು 70 ದಾಟಿದವರಿಗೆ ಶಸ್ತ್ರಚಿಕಿತ್ಸೆ ಹೆಚ್ಚು ಸುರಕ್ಷಿತ ಎಂಬುದು ಹಲವು ಅಧ್ಯಯನಗಳ ಸಾರ. ವಯಸ್ಸಾದಂತೆ ನಾಳಗಳು ಗಡುಸಾಗಿ, ಅಂಕುಡೊಂಕಾಗಿ, ಕೊಳವೆ ಸಾಗುವಾಗ ಚೂರುಗಳು ಕಳಚುವ ಭಯ ಹೆಚ್ಚುತ್ತದೆ. ಇತ್ತ ಹೃದಯ ಅಥವಾ ಶ್ವಾಸಕೋಶದ ತೀವ್ರ ಕಾಯಿಲೆ ಇರುವವರು, ಕತ್ತಿಗೆ ಹಿಂದೆ ವಿಕಿರಣ ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆ ಆಗಿರುವವರು, ನಾಳದ ತೊಂದರೆ ಕತ್ತಿನ ತೀರಾ ಮೇಲ್ಭಾಗದಲ್ಲಿರುವವರಿಗೆ ಸ್ಟೆಂಟ್ ಅನುಕೂಲಕರ.

ಶಸ್ತ್ರಚಿಕಿತ್ಸೆಯಲ್ಲಿ ನಾಲಿಗೆ, ಧ್ವನಿ ಅಥವಾ ಮುಖದ ನರಗಳಿಗೆ ಪೆಟ್ಟಾಗಬಹುದು. ಬಹುಪಾಲು ಪ್ರಕರಣಗಳಲ್ಲಿ ಅದು ಕ್ರಮೇಣ ಸರಿಹೋಗುತ್ತದೆ. ಸ್ಟೆಂಟ್ ಬಿಚ್ಚುವಾಗ ಹೃದಯ ಬಡಿತ ಹಾಗೂ ರಕ್ತದೊತ್ತಡ ಕುಸಿಯಬಹುದು. ಸ್ಟೆಂಟ್ ಪಡೆದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಕನಿಷ್ಠ ನಾಲ್ಕು ವಾರ ತಪ್ಪದೆ ಸೇವಿಸಬೇಕು.

ಲಕ್ಷಣವೇ ಇಲ್ಲದವರ ಪ್ರಶ್ನೆ

ತಪಾಸಣಾ ಪ್ಯಾಕೇಜಿನಲ್ಲಿ ಮಾಡಿಸಿದ ಡಾಪ್ಲರ್‌ನಲ್ಲಿ ನಾಳ ಕಿರಿದಾಗಿದೆ ಎಂದು ಬಂದು ಬೆಚ್ಚಿಬೀಳುವವರೂ ಇದ್ದಾರೆ. ಇವರ ಲೆಕ್ಕಾಚಾರ ಬೇರೆಯೇ. 2004ರಲ್ಲಿ ಪ್ರಕಟವಾದ ಎಸಿಎಸ್‌ಟಿ ಅಧ್ಯಯನದಲ್ಲಿ ಲಕ್ಷಣರಹಿತರಿಗೆ ಐದು ವರ್ಷಗಳ ಪಾರ್ಶ್ವವಾಯು ಅಪಾಯ ಶಸ್ತ್ರಚಿಕಿತ್ಸೆಯಿಂದ ಶೇ 11.8ರಿಂದ ಶೇ 6.4ಕ್ಕೆ ಇಳಿದಿತ್ತು. ಆದರೆ ಆ ಬಳಿಕ ಔಷಧೋಪಚಾರ ಬಹಳ ಸುಧಾರಿಸಿ, ಔಷಧದಿಂದಲೇ ಅಪಾಯ ಗಣನೀಯವಾಗಿ ತಗ್ಗಿದೆ.

ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದ ಲಕ್ಷಣರಹಿತರ ಮೇಲೆ ನಡೆದ ಕ್ರೆಸ್ಟ್-2 ಅಧ್ಯಯನದ ಫಲಿತಾಂಶ 2025ರ ನವೆಂಬರ್‌ನಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳಲ್ಲಿ ತೀವ್ರ ಔಷಧೋಪಚಾರ ಮಾತ್ರ ಪಡೆದವರಲ್ಲಿ ಶೇ 6.0, ಅದರೊಂದಿಗೆ ಸ್ಟೆಂಟ್ ಪಡೆದವರಲ್ಲಿ ಶೇ 2.8 ಮಂದಿ ತೊಂದರೆಗೊಳಗಾದರು. ಪ್ರತ್ಯೇಕವಾಗಿ ನಡೆದ ಶಸ್ತ್ರಚಿಕಿತ್ಸೆಯ ಹೋಲಿಕೆಯಲ್ಲಿ ಈ ಸಂಖ್ಯೆಗಳು ಶೇ 5.3 ಮತ್ತು ಶೇ 3.7, ಈ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಲ್ಲ. ಕೌಶಲ ಪರಿಶೀಲಿಸಿ ಆರಿಸಿದ ವೈದ್ಯರೇ ಇದರಲ್ಲಿ ಸ್ಟೆಂಟ್ ಅಳವಡಿಸಿದ್ದರು ಎಂಬುದನ್ನು ಮರೆಯಬಾರದು. ಔಷಧ ಮಾತ್ರ ಪಡೆದ ನೂರರಲ್ಲಿ 94 ಮಂದಿ ಯಾವುದೇ ಚಿಕಿತ್ಸೆಗೊಳಗಾಗದೆಯೂ ಪಾರಾದರು ಎಂಬುದೂ ಅಷ್ಟೇ ಮುಖ್ಯ. ಲಕ್ಷಣವಿಲ್ಲದ ಸಾಮಾನ್ಯ ಜನರಿಗೆ ಕ್ಯಾರೋಟಿಡ್ ತಪಾಸಣೆ ಬೇಡ ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2021ರಲ್ಲಿ ಪುನರುಚ್ಚರಿಸಿರುವುದು ಗಮನಾರ್ಹ.

ಎಲ್ಲರಿಗೂ ಔಷಧ ಅನಿವಾರ್ಯ

ಸ್ಟೆಂಟ್ ಆಗಲೀ ಶಸ್ತ್ರಚಿಕಿತ್ಸೆಯಾಗಲೀ ಕೆಲವು ಸೆಂಟಿಮೀಟರ್ ನಾಳವನ್ನು ಮಾತ್ರ ಸರಿಪಡಿಸುತ್ತದೆ. ಪದರ ಕೂರುವ ಪ್ರವೃತ್ತಿ ಹೃದಯ, ಮಿದುಳು, ಕಾಲುಗಳ ನಾಳಗಳಲ್ಲೂ ಇರುತ್ತದೆ. ಆಸ್ಪಿರಿನ್‌ನಂತಹ ಮಾತ್ರೆ, ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ತಂಬಾಕಿನ ಸಂಪೂರ್ಣ ತ್ಯಾಗ ಜೀವನಪರ್ಯಂತ ಮುಂದುವರಿಯಬೇಕು.

ವೈದ್ಯರನ್ನು ಕೇಳಬೇಕಾದ್ದು

* ನನಗಾದ ಲಕ್ಷಣಕ್ಕೆ ಈ ನಾಳವೇ ಕಾರಣವೇ, ಅಥವಾ ಇದು ಆಕಸ್ಮಿಕವಾಗಿ ಕಂಡದ್ದೇ?

* ನಾಳ ಎಷ್ಟು ಕಿರಿದಾಗಿದೆ? ಎರಡನೇ ಪರೀಕ್ಷೆಯಿಂದ ಅದು ದೃಢಪಟ್ಟಿದೆಯೇ?

* ನನ್ನ ವಯಸ್ಸು ಮತ್ತು ಇತರ ಕಾಯಿಲೆಗಳಿಗೆ ಯಾವ ವಿಧಾನ ಹೊಂದುತ್ತದೆ?

* ಈ ಆಸ್ಪತ್ರೆಯಲ್ಲಿ ಚಿಕಿತ್ಸೆಯಾದ 30 ದಿನಗಳೊಳಗೆ ಪಾರ್ಶ್ವವಾಯು ಅಥವಾ ಸಾವಿನ ಪ್ರಮಾಣ ಎಷ್ಟು?

ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚ ಸಲ್ಲದು. ತಪ್ಪಿಸಬೇಕಾದ ಪಾರ್ಶ್ವವಾಯುವನ್ನು ಚಿಕಿತ್ಸೆಯೇ ತರುವ ಸಂಭವ ಇದರಲ್ಲಿ ಸದಾ ಇದೆ. ಲಕ್ಷಣ ಇದ್ದವರಲ್ಲಿ ಈ ಪ್ರಮಾಣ ಶೇ 6ಕ್ಕಿಂತ, ಇಲ್ಲದವರಲ್ಲಿ ಶೇ 3ಕ್ಕಿಂತ ಕಡಿಮೆ ಇರಬೇಕೆಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಬಹುಕಾಲದಿಂದ ಒಪ್ಪಿರುವ ಮಿತಿ. ಅದನ್ನು ಮೀರಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಲಕ್ಷಣ ಕಂಡವರು ದಿನಗಳನ್ನು ಕಳೆಯುವಂತಿಲ್ಲ. ಕಾಣದವರು ಆತುರಪಡಬೇಕಾಗಿಲ್ಲ, ಎರಡನೇ ಅಭಿಪ್ರಾಯ ಪಡೆಯುವಷ್ಟು ಸಮಯ ಅವರಿಗೆ ಖಂಡಿತ ಇದೆ.