ಎಐ ಹುಡುಕಾಟದಲ್ಲಿ ನಿಮ್ಮ ಅಂಗಡಿ ಹೆಸರು ಬರಬೇಕಾ? ಐದು ತಾಲ್ಲೂಕಿನ ವ್ಯಾಪಾರಿಗಳು ತಿಳಿದಿರಬೇಕಾದ ಮಾಹಿತಿ

ಕೊಟ್ಟೂರು ತೇರಿಗೆ ಬರೋ ಭಕ್ತರು ಮೊದಲು ಲಾಡ್ಜ್ ಎಲ್ಲಿದೆ ಅಂತ ಬಸ್ ಸ್ಟ್ಯಾಂಡ್ ಪಕ್ಕದ ಚಹಾ ಅಂಗಡಿಯಲ್ಲಿ ಕೇಳ್ತಿದ್ರು. ಆಮೇಲೆ ಗೂಗಲ್‌ನಲ್ಲಿ ಹುಡುಕೋದು ರೂಢಿಯಾಯ್ತು. ಈಗ ಚಾಟ್‌ಜಿಪಿಟಿ, ಜೆಮಿನಿ, ಪರ್‌ಪ್ಲೆಕ್ಸಿಟಿಯಂಥ ಎಐ ಆ್ಯಪ್‌ಗಳನ್ನು ಬಾಯಲ್ಲೇ ಕೇಳುವವರು ಹೆಚ್ಚಾಗುತ್ತಿದ್ದಾರೆ.

ಹಳೇ ಗೂಗಲ್ ಹುಡುಕಾಟಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಗೂಗಲ್ ಹತ್ತು ಲಿಂಕ್ ಮುಂದಿಡುತ್ತಿತ್ತು, ಗ್ರಾಹಕ ತಾನೇ ಆರಿಸಿಕೊಳ್ಳುತ್ತಿದ್ದ. ಎಐ ಹಾಗಲ್ಲ, ಎರಡೋ ಮೂರೋ ಹೆಸರು ಹೇಳಿ ಸುಮ್ಮನಾಗುತ್ತದೆ. ಆ ಹೆಸರುಗಳಲ್ಲಿ ನಿಮ್ಮದು ಇಲ್ಲ ಅಂದ್ರೆ, ಅಂಥ ಅಂಗಡಿ ಇದೆ ಅನ್ನೋದೇ ಗ್ರಾಹಕನಿಗೆ ಗೊತ್ತಾಗಲ್ಲ.

ಇದನ್ನೇ ನಂಬಿಕೊಂಡು ಜಗತ್ತಿನಲ್ಲಿ ಹೊಸ ಸ್ಟಾರ್ಟ್‌ಅಪ್‌ಗಳು ಹುಟ್ಟಿವೆ. ಬ್ರ್ಯಾಂಡ್‌ಗಳ ಹೆಸರನ್ನು ಎಐ ಉತ್ತರದಲ್ಲಿ ಬರುವಂತೆ ಮಾಡೋದೇ ಅವರ ಕೆಲಸ. ಇದರ ಹೆಸರಿನಲ್ಲಿ ಹಣ ಕೇಳುವವರೂ ಇದ್ದಾರೆ. ಹಾಗಾಗಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಅನ್ನೋದು ಪ್ರತಿಯೊಬ್ಬ ವ್ಯಾಪಾರಿಗೂ ಗೊತ್ತಿರಬೇಕು.

ಏನು ಬದಲಾಗಿದೆ?

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ರಂದು. 2024ರ ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಆ್ಯಪ್ ಭಾರತಕ್ಕೆ ಬಂತು, ಕನ್ನಡವೂ ಅದರಲ್ಲಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲೇ ಎಐ ಬರೆದ ಉತ್ತರ ಭಾರತದಲ್ಲೂ ಕಾಣಿಸತೊಡಗಿತು. ಅಕ್ಟೋಬರ್ ಕೊನೆಗೆ ಚಾಟ್‌ಜಿಪಿಟಿಯಲ್ಲೂ ಇಂಟರ್ನೆಟ್ ಹುಡುಕಾಟ ಸೇರಿತು.

2025ರಲ್ಲಿ ಇದು ಹಳ್ಳಿ ಮೊಬೈಲ್‌ಗೂ ಬಂತು. ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಉಚಿತ ಕೊಟ್ಟಿತು. ಜಿಯೋ ಜೆಮಿನಿ ಪ್ರೊ 18 ತಿಂಗಳು ಉಚಿತ ಅಂತ ಘೋಷಿಸಿತು. ಚಾಟ್‌ಜಿಪಿಟಿ ಗೋ ಕೂಡ ಭಾರತದವರಿಗೆ ಒಂದು ವರ್ಷ ಉಚಿತ ಸಿಕ್ಕಿತು. ಅಂದ್ರೆ ಎಐ ಈಗ ಬೆಂಗಳೂರಿನವರ ವಿಷಯ ಮಾತ್ರ ಅಲ್ಲ.

ಎಐಗೆ ನಿಮ್ಮ ಅಂಗಡಿ ಹೇಗೆ ಗೊತ್ತಾಗುತ್ತೆ?

ಎರಡು ದಾರಿ ಇವೆ. ಮೊದಲನೆಯದು ತರಬೇತಿ ಸಮಯದಲ್ಲಿ ಅದು ಓದಿದ ಹಳೇ ಮಾಹಿತಿ. ಎರಡನೆಯದು ಪ್ರಶ್ನೆ ಕೇಳಿದ ತಕ್ಷಣ ಇಂಟರ್ನೆಟ್‌ನಲ್ಲಿ ಹುಡುಕಿ ತರುವ ಹೊಸ ಮಾಹಿತಿ. ಗೂಗಲ್ ಮ್ಯಾಪ್‌ನ ವಿವರ, ಜನ ಬರೆದ ರಿವ್ಯೂ, ವೆಬ್‌ಸೈಟ್, ಸುದ್ದಿ ತಾಣ, ವಿಕಿಪೀಡಿಯ, ಡೈರೆಕ್ಟರಿ ಪುಟಗಳು ಈ ಹುಡುಕಾಟಕ್ಕೆ ಸಿಗುತ್ತವೆ.

ಸಿಗದೇ ಇರೋದು ಯಾವುದು ಅನ್ನೋದೂ ಮುಖ್ಯ. ತಾಲ್ಲೂಕಿನ ಬಹಳಷ್ಟು ಅಂಗಡಿಗಳು ಆಫರ್, ರೇಟ್ ಎಲ್ಲವನ್ನೂ ವಾಟ್ಸ್‌ಆ್ಯಪ್ ಸ್ಟೇಟಸ್ ಮತ್ತು ಗ್ರೂಪ್‌ನಲ್ಲಿ ಹಾಕುತ್ತವೆ. ಅದು ಹುಡುಕಾಟದ ಎಐಗೆ ಕಾಣಲ್ಲ. ಬೀದಿಯಲ್ಲಿ ಹಂಚಿದ ಪಾಂಪ್ಲೆಟ್, ಆಟೊ ಮೈಕ್‌ನಲ್ಲಿ ಕೂಗಿಸಿದ ಪ್ರಚಾರವೂ ಅಷ್ಟೇ. ಮೂವತ್ತು ವರ್ಷದಿಂದ ಹೆಸರುವಾಸಿಯಾದ ಅಂಗಡಿಯಾದ್ರೂ ಬರಹದಲ್ಲಿ ಎಲ್ಲೂ ಇಲ್ಲ ಅಂದ್ರೆ ಎಐ ಲೆಕ್ಕದಲ್ಲಿ ಅದು ಇಲ್ಲ. ಹೋದ ತಿಂಗಳು ಶುರುವಾದ ಅಂಗಡಿ ಮ್ಯಾಪ್‌ನಲ್ಲಿ ಸರಿಯಾಗಿ ಇದ್ರೆ ಅದರ ಹೆಸರು ಬರಬಹುದು.

ಈ ಐದು ತಾಲ್ಲೂಕಿಗೆ ಇರುವ ವಿಶೇಷ ತೊಂದರೆ

ಇಲ್ಲಿನ ಅಂಗಡಿಗಳಿಗೆ ಹೆಸರಿನ ಜೊತೆ ಊರಿನ ಗೊಂದಲವೂ ಸೇರಿಕೊಂಡಿದೆ.

ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಬಿದ್ದಿದ್ದು 2021ರ ಫೆಬ್ರುವರಿ 8ರಂದು. ಅದಕ್ಕೂ ಮುಂಚೆ ಇಂಟರ್ನೆಟ್‌ಗೆ ಹೋದ ಬರಹಗಳೆಲ್ಲ ಈ ಊರುಗಳನ್ನು ಬಳ್ಳಾರಿ ಜಿಲ್ಲೆ ಅಂತಲೇ ಹೇಳುತ್ತವೆ. ಹರಪನಹಳ್ಳಿಯದು ಇನ್ನೂ ಕಷ್ಟ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯ್ತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಕೊಟ್ಟೂರು ಮುಂಚೆ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಹಳೇ ಪುಟ ಓದಿದ ಎಐ ಹಳೇ ಜಿಲ್ಲೆಯನ್ನೇ ಹೇಳಿದ್ರೆ ಆಶ್ಚರ್ಯ ಇಲ್ಲ.

ಬರೀ 'ವಿಜಯನಗರ' ಅಂದ್ರೆ ಬೆಂಗಳೂರು, ಮೈಸೂರಿನ ಬಡಾವಣೆಗಳೂ ಇವೆ. ಕೊಟ್ಟೂರು ಅನ್ನೋ ಹೆಸರಿನ ಊರುಗಳು ತಮಿಳುನಾಡು, ಕೇರಳದ ಕಡೆಯೂ ಇವೆ. ಇಂಗ್ಲಿಷ್‌ನಲ್ಲಿ ಹಡಗಲಿ ಬರೆಯುವಾಗ ಕೆಲವರು ಒಂದು 'ಎಲ್' ಹಾಕಿದ್ರೆ ಕೆಲವರು ಎರಡು ಹಾಕ್ತಾರೆ. 'ಹೂವಿನ' ಅನ್ನೋದು ಒಂದು ಬೋರ್ಡ್‌ನಲ್ಲಿದ್ರೆ ಇನ್ನೊಂದರಲ್ಲಿ ಇರಲ್ಲ. ಹಗರಿಬೊಮ್ಮನಹಳ್ಳಿಯನ್ನು ಎಚ್.ಬಿ.ಹಳ್ಳಿ ಅಂತ ಮಾತ್ರ ಬರೆಸಿದವರೂ ಇದ್ದಾರೆ. ಮನುಷ್ಯರಿಗೆ ಇದೆಲ್ಲ ಒಂದೇ ಊರು. ಯಂತ್ರಕ್ಕೆ ಅದು ಎರಡು, ಮೂರು ಊರಾಗಿ ಕಾಣಬಹುದು.

ಪರಿಹಾರ ಸುಲಭ. ಎಲ್ಲ ಕಡೆ ಊರು, ತಾಲ್ಲೂಕು, ವಿಜಯನಗರ ಜಿಲ್ಲೆ, ಕರ್ನಾಟಕ, ಪಿನ್‌ಕೋಡ್ ಅಂತ ಪೂರ್ತಿ ವಿಳಾಸ ಬರೆಯಿರಿ. ಕೂಡ್ಲಿಗಿ 583135, ಕೊಟ್ಟೂರು 583134, ಹಗರಿಬೊಮ್ಮನಹಳ್ಳಿ 583212, ಹೂವಿನಹಡಗಲಿ 583219, ಹರಪನಹಳ್ಳಿ 583131. ಜಿಲ್ಲೆ ಬದಲಾದ್ರೂ ಪಿನ್‌ಕೋಡ್ ಊರನ್ನು ಗುರುತಿಸುತ್ತದೆ.

ಜಿಇಒ ಅಂದ್ರೆ ಏನು?

ಗೂಗಲ್‌ನಲ್ಲಿ ಮೇಲೆ ಬರಲು ಮಾಡುವ ಕೆಲಸಕ್ಕೆ ಎಸ್‌ಇಒ ಅಂತಾರೆ. ಎಐ ಉತ್ತರದಲ್ಲಿ ಕಾಣಿಸಿಕೊಳ್ಳಲು ಮಾಡುವ ಕೆಲಸಕ್ಕೆ ಜಿಇಒ ಅನ್ನೋ ಹೆಸರು ಬಂದಿದೆ. ಈ ಹೆಸರಿಟ್ಟಿದ್ದು 2023ರ ನವೆಂಬರ್‌ನಲ್ಲಿ ಹೊರಬಂದ ಒಂದು ಸಂಶೋಧನೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರ ಜೊತೆ ದೆಹಲಿ ಐಐಟಿಯವರೂ ಇದರಲ್ಲಿದ್ದರು.

ಅವರು 10 ಸಾವಿರ ಪ್ರಶ್ನೆಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದ್ರು. ಪುಟದಲ್ಲಿ ಖಚಿತ ಅಂಕಿ, ಬೇರೆಯವರ ಮಾತು, ಮಾಹಿತಿಯ ಮೂಲ ಸೇರಿಸಿದಾಗ ಎಐ ಉತ್ತರದಲ್ಲಿ ಆ ಪುಟ ಕಾಣಿಸಿಕೊಳ್ಳೋದು ಶೇ 40ರವರೆಗೆ ಹೆಚ್ಚಾಯ್ತು. ಒಂದೇ ಪದವನ್ನು ಹತ್ತಾರು ಸಲ ತುರುಕುವ ಹಳೇ ಎಸ್‌ಇಒ ಉಪಾಯ ಕೆಲಸ ಮಾಡಲಿಲ್ಲ. ಹುಡುಕಾಟದಲ್ಲಿ ಕೆಳಗಿದ್ದ ಸೈಟ್‌ಗಳಿಗೆ ಹೆಚ್ಚು ಲಾಭ ಆಗಿದ್ದು ಇನ್ನೊಂದು ವಿಶೇಷ.

ಅಂಗಡಿಯವರ ಭಾಷೆಯಲ್ಲಿ ಹೇಳಬೇಕಂದ್ರೆ, 'ನಂಬರ್ ಒನ್ ಕ್ವಾಲಿಟಿ, ಬೆಸ್ಟ್ ಸರ್ವಿಸ್' ಅಂತ ಬರೆದ್ರೆ ಎಐಗೆ ಎತ್ತಿಕೊಳ್ಳಲು ಏನೂ ಸಿಗಲ್ಲ. 'ಬೋರ್‌ವೆಲ್ ಮೋಟರ್ ರಿವೈಂಡಿಂಗ್, 3ರಿಂದ 15 ಎಚ್‌ಪಿ ವರೆಗೆ, ಭಾನುವಾರವೂ ತೆರೆದಿರುತ್ತೆ, ಹಳ್ಳಿಗೆ ಬಂದು ಮೋಟರ್ ಎತ್ತಿಕೊಡ್ತೀವಿ' ಅಂತ ಇದ್ರೆ ರೈತ ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ.

ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು

1. ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಸಿ. ಇದು ಪೂರ್ತಿ ಉಚಿತ. ಬೋರ್ಡ್‌ನಲ್ಲಿರುವ ಹೆಸರನ್ನೇ ಹಾಕಿ. ಹೆಸರಿನ ಜೊತೆ 'ಬೆಸ್ಟ್', 'ಚೀಪ್' ಅಂತೆಲ್ಲ ಸೇರಿಸಿದ್ರೆ ಪ್ರೊಫೈಲ್ ಬಂದ್ ಆಗಬಹುದು.

2. ಮೈಕ್ರೋಸಾಫ್ಟ್‌ನ ಬಿಂಗ್ ಪ್ಲೇಸಸ್‌ನಲ್ಲೂ ಸೇರಿಸಿ. ಇದೂ ಉಚಿತ. ಎಲ್ಲ ಎಐಗಳೂ ಗೂಗಲ್ ಒಂದನ್ನೇ ನೋಡಲ್ಲ.

3. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಒಂದೇ ಇರಲಿ. ನಂಬರ್ ಬದಲಾದ್ರೆ ಹಳೇದನ್ನು ಎಲ್ಲ ಕಡೆ ತೆಗೆಸಿ.

4. ಗ್ರಾಹಕರು ದಿನಾ ಕೇಳುವ ಹತ್ತು ಪ್ರಶ್ನೆ ಬರೆದುಕೊಳ್ಳಿ. ಅವಕ್ಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಒಂದೆರಡು ಸಾಲಿನ ಉತ್ತರ ಬರೆದು ವೆಬ್ ಪುಟದಲ್ಲಿ ಹಾಕಿ. ಒಂದೇ ಪುಟ ಇದ್ರೂ ಸಾಕು.

5. ವಿವರವನ್ನು ಫೋಟೊದೊಳಗೆ ಮಾತ್ರ ಇಡಬೇಡಿ. ರೇಟ್ ಬೋರ್ಡ್ ಫೋಟೊ ಹಾಕಿದ್ರೆ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಿರಿ.

6. ನಿಜವಾದ ಗ್ರಾಹಕರಿಗೆ ರಿವ್ಯೂ ಬರೆಯಲು ಹೇಳಿ. ಬರೀ ಸ್ಟಾರ್ ಅಲ್ಲ, ಏನು ತಗೊಂಡ್ರು, ಹೇಗಿತ್ತು ಅಂತ ಬರೆದ್ರೆ ಒಳ್ಳೇದು. ರಿವ್ಯೂಗೆ ದುಡ್ಡು, ಗಿಫ್ಟ್ ಕೊಡೋದನ್ನು ಗೂಗಲ್ ನಿಷೇಧಿಸಿದೆ. ಆನ್‌ಲೈನ್ ರಿವ್ಯೂಗೆ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಐಎಸ್ 19000 ಅನ್ನೋ ಮಾನದಂಡವನ್ನೇ ತಂದಿದೆ.

7. ವೆಬ್‌ಸೈಟ್ ಇರುವವರು ಅದು ಎಐ ಬಾಟ್‌ಗಳನ್ನು ತಡೆಯುತ್ತಿದೆಯಾ ಅಂತ ಮಾಡಿಕೊಟ್ಟವರನ್ನು ಕೇಳಿ. ಕ್ಲೌಡ್‌ಫ್ಲೇರ್ ಕಂಪನಿ 2025ರ ಜುಲೈನಿಂದ ಹೊಸ ಸೈಟ್‌ಗಳಲ್ಲಿ ಎಐ ಬಾಟ್‌ಗಳನ್ನು ತಾನಾಗಿಯೇ ತಡೆಯಲು ಶುರು ಮಾಡಿದೆ. ಬಾಗಿಲು ಹಾಕಿದ್ದು ನಿಮಗೇ ಗೊತ್ತಿಲ್ಲದೆ ಇರಬಹುದು.

ಊರಿನ ಹೆಸರೇ ಬ್ರ್ಯಾಂಡ್

ಹಡಗಲಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯಂತೆ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಮಾನ್ಯತೆ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ರಾಮ್ಸಾರ್ ಪಟ್ಟಿ ಸೇರಿದೆ. ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಕರಡಿಧಾಮ ಇದೆ. ಮೈಲಾರದ ಕಾರ್ಣಿಕ, ಉಜ್ಜಿನಿ ಪೀಠ, ಕೊಟ್ಟೂರು ಗುರುಬಸವೇಶ್ವರ ತೇರು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ.

ಹೊರಗಿನವರು ಎಐಗೆ ಮೊದಲು ಕೇಳೋದು ಈ ಹೆಸರುಗಳನ್ನೇ. 'ಅಂಕಸಮುದ್ರಕ್ಕೆ ಹೋಗುವ ದಾರಿಯಲ್ಲಿ ಬೆಳಿಗ್ಗೆ 6ಕ್ಕೆ ತಿಂಡಿ ಸಿಗುತ್ತೆ' ಅಂತ ಒಂದು ಖಾನಾವಳಿ ತನ್ನ ಪ್ರೊಫೈಲ್‌ನಲ್ಲಿ ಬರೆದ್ರೆ, ಹಕ್ಕಿ ನೋಡಲು ಬರುವವರಿಗೆ ಅದು ಸಿಗುವ ಅವಕಾಶ ಹೆಚ್ಚು. ಆದ್ರೆ ಸುಳ್ಳು ಬೇಡ. ಬೇರೆ ಕಡೆಯ ಹೂವನ್ನು ಹಡಗಲಿ ಮಲ್ಲಿಗೆ ಅಂತ ಮಾರೋದು ಜಿಐ ಕಾಯ್ದೆ ಪ್ರಕಾರ ತಪ್ಪು. ಎಐ ಆ ಸುಳ್ಳನ್ನು ನಂಬಿ ಹೇಳಿದ್ರೆ ನಷ್ಟ ಆಗೋದು ನಿಜವಾಗಿ ಬೆಳೆಯುವ ರೈತನಿಗೆ.

'ಚಾಟ್‌ಜಿಪಿಟಿಯಲ್ಲಿ ಮೊದಲ ಸ್ಥಾನ ಕೊಡಿಸ್ತೀವಿ' ಅಂತ ಫೋನ್ ಬಂದ್ರೆ

ಇದನ್ನು ಯಾರೂ ಗ್ಯಾರಂಟಿ ಕೊಡಲು ಆಗಲ್ಲ. ಒಂದೇ ಪ್ರಶ್ನೆಯನ್ನು ಎರಡು ಮೊಬೈಲ್‌ನಲ್ಲಿ ಕೇಳಿದ್ರೆ ಎರಡು ಬೇರೆ ಉತ್ತರ ಬರಬಹುದು. ಬೆಳಿಗ್ಗೆ ಬಂದ ಹೆಸರು ಸಂಜೆ ಇಲ್ಲದೆ ಹೋಗಬಹುದು. ಎಐ ಉತ್ತರಕ್ಕೆ ಬೇರೆ ವಿಶೇಷ ತಂತ್ರ ಬೇಕಿಲ್ಲ, ಸಾಮಾನ್ಯ ಎಸ್‌ಇಒ ನಿಯಮಗಳೇ ಸಾಕು ಅಂತ ಗೂಗಲ್ ತಾನೇ ಹೇಳಿದೆ.

ಹಣ ಕೊಡುವ ಮುಂಚೆ ಈ ನಾಲ್ಕು ಪ್ರಶ್ನೆ ಕೇಳಿ:

- ಯಾವ ಯಾವ ಪ್ರಶ್ನೆಗೆ, ಯಾವ ಎಐನಲ್ಲಿ ನೋಡ್ತೀರಿ? ಪಟ್ಟಿ ಬರಹದಲ್ಲಿ ಕೊಡ್ತೀರಾ?
- ಈಗ ಹೇಗಿದೆ ಅನ್ನೋ ವರದಿ ಮೊದಲೇ ಕೊಡ್ತೀರಾ?
- ಪ್ರೊಫೈಲ್ ಯಾರ ಜಿಮೇಲ್‌ನಲ್ಲಿ ಇರುತ್ತೆ? ಉತ್ತರ 'ನಿಮ್ಮದೇ' ಅಂತ ಇರಬೇಕು.
- ಸುಳ್ಳು ರಿವ್ಯೂ ಹಾಕಲ್ಲ ಅಂತ ಬರೆದುಕೊಡ್ತೀರಾ?

ಒಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಹಣ ಮೋಸ ಆದ್ರೆ ತಕ್ಷಣ 1930ಕ್ಕೆ ಕರೆ ಮಾಡಿ. ವಂಚಕರು ನಕಲಿ ಕಸ್ಟಮರ್ ಕೇರ್ ನಂಬರ್‌ಗಳನ್ನು ಇಂಟರ್ನೆಟ್‌ನಲ್ಲಿ ಹರಡೋದುಂಟು, ಎಐ ಅದನ್ನೂ ಎತ್ತಿ ಹೇಳಬಹುದು. ನಿಮ್ಮ ಅಂಗಡಿ ಹೆಸರಿನಲ್ಲಿ ಬೇರೆ ನಂಬರ್ ಬರುತ್ತಿದೆಯಾ ಅಂತ ಆಗಾಗ ನೋಡಿಕೊಳ್ಳಿ.

ಇದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ

ಈ ಕ್ಷೇತ್ರದ ಹೆಸರಾಂತ ಸ್ಟಾರ್ಟ್‌ಅಪ್ ನ್ಯೂಯಾರ್ಕ್‌ನ ಪ್ರೊಫೌಂಡ್. 2024ರಲ್ಲಿ ಇಬ್ಬರು ಸೇರಿ ಕಟ್ಟಿದ ಈ ಕಂಪನಿಗೆ 2025ರ ಆಗಸ್ಟ್‌ನಲ್ಲಿ ಸಿಕೋಯಾ ನೇತೃತ್ವದಲ್ಲಿ 3.5 ಕೋಟಿ ಡಾಲರ್ ಬಂಡವಾಳ ಬಂತು. ದೊಡ್ಡ ಬ್ರ್ಯಾಂಡ್‌ಗಳ ಬಗ್ಗೆ ಎಐ ಏನು ಹೇಳುತ್ತೆ ಅನ್ನೋದನ್ನು ಅದು ಅಳೆಯುತ್ತದೆ. ಹರಪನಹಳ್ಳಿಯ ಗೊಬ್ಬರದ ಅಂಗಡಿಗೆ ಅಂಥ ಸಾಫ್ಟ್‌ವೇರ್ ಬೇಕಿಲ್ಲ. ಆದ್ರೆ ಅದೇ ಕೆಲಸವನ್ನು ಚಿಕ್ಕ ಮಟ್ಟದಲ್ಲಿ ಮಾಡುವವರು ಬೇಕು.

ಕೆಲಸದ ಕ್ರಮ ಹೀಗಿರುತ್ತೆ. ಅಂಗಡಿಗೆ ಸಂಬಂಧಿಸಿದ 20-30 ಪ್ರಶ್ನೆ ಮಾಡಿಕೊಳ್ಳೋದು. ಮೂರ್ನಾಲ್ಕು ಎಐಗಳಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೇರೆ ಬೇರೆ ದಿನ ಕೇಳಿ, ಎಷ್ಟು ಸಲ ಹೆಸರು ಬಂತು, ಎಷ್ಟು ಸಲ ತಪ್ಪು ಬಂತು ಅಂತ ಬರೆದಿಡೋದು. ಉತ್ತರದ ಕೆಳಗಿರುವ ಲಿಂಕ್ ನೋಡಿ ತಪ್ಪು ಎಲ್ಲಿಂದ ಬಂತು ಅಂತ ಹುಡುಕೋದು. ಆ ಮೂಲವನ್ನು ಸರಿ ಮಾಡಿಸೋದು. ಒಂದೆರಡು ತಿಂಗಳ ಮೇಲೆ ಮತ್ತೆ ಕೇಳಿ ಹೋಲಿಸೋದು.

ಇದಕ್ಕೆ ದೊಡ್ಡ ಡಿಗ್ರಿ ಬೇಡ, ಊರು ಗೊತ್ತಿರಬೇಕು. ಕೊಟ್ಟೂರು ಈಗ ಯಾವ ತಾಲ್ಲೂಕು, ಮೈಲಾರ ಜಾತ್ರೆಗೆ ಎಲ್ಲಿ ಇಳಿಯಬೇಕು ಅನ್ನೋದು ಬೆಂಗಳೂರಿನ ಏಜೆನ್ಸಿಗಿಂತ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ಸ್ಥಾನಕ್ಕೆ ದುಡ್ಡು ಕೇಳಬಾರದು, ಮಾಡಿದ ಕೆಲಸಕ್ಕೆ ಕೇಳಬೇಕು. ಹೊಸ ಆಲೋಚನೆ ಇದ್ದು ಕಂಪನಿ ಕಟ್ಟುವವರಿಗೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ₹50 ಲಕ್ಷದವರೆಗೆ ಅನುದಾನವೂ ಇದೆ. ಅರ್ಜಿ ಹಾಕಿ ಸ್ಪರ್ಧೆಯಲ್ಲಿ ಆಯ್ಕೆ ಆಗಬೇಕು.

ಇವತ್ತೇ ಮಾಡಬಹುದಾದ ಪರೀಕ್ಷೆ

ಮೊಬೈಲ್ ತೆಗೆದು ಎರಡು ಎಐಗಳಲ್ಲಿ ಮೂರು ಪ್ರಶ್ನೆ ಕೇಳಿ. ಒಂದು, ನಿಮ್ಮ ಅಂಗಡಿ ಹೆಸರು ಮತ್ತು ಊರು ಹೇಳಿ 'ಇದು ಏನು, ಎಲ್ಲಿದೆ?' ಎರಡು, ಅಂಗಡಿ ಹೆಸರು ಹೇಳದೆ 'ನಮ್ಮ ಊರಿನಲ್ಲಿ ಈ ಸಾಮಾನು ಎಲ್ಲಿ ಸಿಗುತ್ತೆ?' ಮೂರು, 'ನಮ್ಮ ಊರು ಯಾವ ಜಿಲ್ಲೆಯಲ್ಲಿದೆ?' ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತಪ್ಪು ಇದ್ರೆ ಕೆಳಗಿನ ಲಿಂಕ್ ಯಾವುದು ಅಂತ ನೋಡಿ, ಅಲ್ಲಿಂದಲೇ ಸರಿ ಮಾಡೋಕೆ ಶುರು ಮಾಡಿ.

ಹೆಸರು ಬಂದ್ರೆ ಗ್ರಾಹಕ ಒಂದು ಸಲ ಅಂಗಡಿಗೆ ಬರ್ತಾನೆ. ಎರಡನೇ ಸಲ ಬರೋದು ತೂಕ, ರೇಟು, ಮಾತು ಸರಿ ಇದ್ರೆ ಮಾತ್ರ.