ಮಷಿನೇರಿಯಮ್
ಮಷಿನೇರಿಯಮ್ ಎಂಬುದು ಜೆಕ್ ಗಣರಾಜ್ಯದ ಅಮಾನಿಟಾ ಡಿಸೈನ್ ಸಂಸ್ಥೆಯು 2009ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಒಗಟು-ಸಾಹಸ ವೀಡಿಯೊ ಆಟ. ಯಾಕುಬ್ ದ್ವೋರ್ಸ್ಕಿಯವರ ನೇತೃತ್ವದ ಏಳು ಜನರ ತಂಡವು ಸ್ವಂತ ಉಳಿತಾಯದ ಹಣ ಹೂಡಿ, ಮೂರು ವರ್ಷಗಳಲ್ಲಿ ಇದನ್ನು ರೂಪಿಸಿತು. ಗುಜರಿಗೆ ಎಸೆಯಲ್ಪಟ್ಟ ಯೋಸೆಫ್ ಎಂಬ ಪುಟ್ಟ ರೋಬೋಟ್ ತನ್ನ ಬಿಡಿಭಾಗಗಳನ್ನು ತಾನೇ ಜೋಡಿಸಿಕೊಂಡು, ತುಕ್ಕು ಹಿಡಿದ ನಗರಕ್ಕೆ ಮರಳಿ, ಸೆರೆಯಲ್ಲಿರುವ ಗೆಳತಿ ಬೆರ್ಟಾಳನ್ನು ಬಿಡಿಸುವುದು ಇದರ ಕಥಾವಸ್ತು. ‘ರೋಬೋಟ್’ ಪದವನ್ನು ಸೂಚಿಸಿದ ಜೆಕ್ ಕಲಾವಿದ ಯೋಸೆಫ್ ಚಾಪೆಕ್ ಅವರ ಹೆಸರನ್ನೇ ನಾಯಕನಿಗೆ ಇಡಲಾಗಿದೆ.

ಕೈಯಿಂದ ಬಿಡಿಸಿದ ಹಿನ್ನೆಲೆ ಚಿತ್ರಗಳು ಮತ್ತು ತೊಮಾಷ್ ದ್ವೋರ್ಷಾಕ್ ಅವರ ಸಂಗೀತ ಆಟದ ವಾತಾವರಣವನ್ನು ಕಟ್ಟುತ್ತವೆ. ಸಂಭಾಷಣೆಯಂತೂ ಇಲ್ಲವೇ ಇಲ್ಲ. ಪಾತ್ರಗಳ ಮನದ ಮಾತು ತಲೆಯ ಮೇಲಿನ ಗುಳ್ಳೆಗಳಲ್ಲಿ ಚಿತ್ರಗಳಾಗಿ ಮೂಡುತ್ತದೆ. ಆದುದರಿಂದ ಕನ್ನಡವನ್ನಷ್ಟೇ ಬಲ್ಲವರೂ ಕಥೆಯನ್ನು ಸರಾಗವಾಗಿ ಅನುಸರಿಸಬಹುದು. ಒಗಟುಗಳು ಮಾತ್ರ ಸುಲಭವಲ್ಲ. ಪರಿಹಾರದ ಪುಸ್ತಕ ತೆರೆಯಬೇಕಾದರೂ ಮೊದಲು ಒಂದು ಕಿರುಆಟವನ್ನು ಗೆಲ್ಲಬೇಕು.